ಹೆಬ್ಬಲಸಿನ ಬೆಂಚಿಗೆ ವೈಸ್: ಯಾವುದು ತರುವುದು, ಹಿಂದಿನ ದವಡೆ ಹೇಗೆ ಕೂರಿಸುವುದು?

ಬದಿಯಡ್ಕ_ಬೆಂಚು ಕೇಳಿದ್ದು:

ಮರಗೆಲಸದ ಬೆಂಚು ತಯಾರಾಗಿದೆ. ವೈಸ್ (ಮರವನ್ನು ಎರಡು ದವಡೆಗಳ ನಡುವೆ ತಿರುಪಿನಲ್ಲಿ ಬಿಗಿದು ಹಿಡಿಯುವ ಸಾಧನ) ಇನ್ನೂ ತಂದಿಲ್ಲ. ಅಳತೆ ಹೀಗೆ: ಮೇಲ್ಹಲಗೆ ಹೆಬ್ಬಲಸು, ಉದ್ದ 1800, ಅಗಲ 600, ದಪ್ಪ 50 ಮಿ.ಮೀ. ಎತ್ತರ 860. ಕಾಲುಗಳು 90 × 90, ಎಡತುದಿಯಿಂದ 150 ಒಳಗೆ, ಮುಂದಿನ ಅಂಚಿನಿಂದ 100 ಹಿಂದೆ. ಅಡಿಯಲ್ಲಿ ಡ್ರಾಯರ್ ಇಲ್ಲ, ನೆಲದಿಂದ 200 ಎತ್ತರದಲ್ಲಿ ಅಡ್ಡಪಟ್ಟಿ ಮಾತ್ರ.

ಕೆಲಸ: ಬಾಗಿಲು, ಕಿಟಕಿ ಪಡಿಗಳ ಅಂಚು ಕೀಸುವುದು, ಡ್ರಾಯರ್ ಪೆಟ್ಟಿಗೆ, ಸಣ್ಣಪುಟ್ಟ ಕಪಾಟು. ಕೀಸುಳಿ, ಉಳಿ, ಕೈಗರಗಸದಲ್ಲೇ ಹೆಚ್ಚಿನ ಕೆಲಸ. ನಾನು ಬಲಗೈಯವ.

ಅಂಗಡಿಯಲ್ಲಿ ಎರಡು ಸಿಗ್ತಾ ಉಂಟು. ಒಂದು 7 ಇಂಚಿನದು, ಬರೀ ತಿರುಪು. ಇನ್ನೊಂದು 9 ಇಂಚಿನದು, ಕ್ವಿಕ್ ರಿಲೀಸ್ ಸನ್ನೆ (ಒತ್ತಿದರೆ ತಿರುಪು ಸುತ್ತದೆಯೇ ದವಡೆ ಜಾರುತ್ತದೆ) ಇರುವಂಥದು, 13 ಇಂಚು ತೆರೆಯುತ್ತದೆ. 9 ಇಂಚಿನದನ್ನು ಅಳೆದು ನೋಡಿದೆ: ಬೋಲ್ಟ್ ಹಾಕುವ ಕಿವಿಯ ಮೇಲ್ಮೈಯಿಂದ ದವಡೆಯ ಮೇಲಂಚಿಗೆ 80 ಮಿ.ಮೀ., ಹಿಂದಿನ ಕಬ್ಬಿಣದ ದವಡೆ 20 ಮಿ.ಮೀ. ದಪ್ಪ, ಕಿವಿಯ ದಪ್ಪ 12. ಮನೆಯಲ್ಲಿ 4 ಇಂಚಿನ ಫಿಟ್ಟರ್ ವೈಸ್ ಒಂದು ಮೊದಲೇ ಉಂಟು, ಅದಕ್ಕೇ ಮರದ ತುಂಡು ಕೊಟ್ಟು ಸುಧಾರಿಸಬಹುದೋ?

ಗೊತ್ತಾಗಬೇಕಾದದ್ದು: ಯಾವ ಗಾತ್ರ, ಎಲ್ಲಿ ಕೂರಿಸುವುದು, ಹಿಂದಿನ ದವಡೆ ಬೆಂಚಿನ ಅಂಚಿಗೆ ಸಮ ಬರಬೇಕೋ ಹೊರಗಿದ್ದರೆ ಸಾಕೋ, ಬೋಲ್ಟೋ ಕೋಚ್ ಸ್ಕ್ರೂವೋ (ನಟ್ ಇಲ್ಲದೆ ಸ್ಪ್ಯಾನರ್‌ನಲ್ಲಿ ಮರಕ್ಕೇ ತಿರುಗಿಸುವ ದಪ್ಪ ಸ್ಕ್ರೂ). ಮಳೆ ಹಿಡಿಯುವ ಮೊದಲು ಮುಗಿಸಬೇಕೆಂದಿದ್ದೇನೆ.

ಕುಂಬಳೆ_ಕೀಸುಳಿ:

ಫಿಟ್ಟರ್ ವೈಸ್ ಬೇಡ. ಅದರ ದವಡೆ ಹಲಗೆಯಿಂದ ಒಂದು ಗೇಣು ಮೇಲೆ ನಿಲ್ಲುತ್ತದೆ, ಅಗಲ ಬರೀ 100 ಮಿ.ಮೀ. ಪಡಿಯ ಅಂಚು ಕೀಸುವಾಗ ಮರಕ್ಕೆ ಬೆಂಚಿನ ಆಧಾರವೇ ಸಿಗುವುದಿಲ್ಲ, ಎತ್ತರವೂ ಭುಜಕ್ಕೆ ಬರುತ್ತದೆ. ಅದು ಗರಗಸಕ್ಕೆ ಅರ ಹಾಕುವುದಕ್ಕೆ, ಕಬ್ಬಿಣದ ಕೆಲಸಕ್ಕೆ ಇರಲಿ.

ಗಾತ್ರ: ನಿಮ್ಮ ಕೆಲಸಕ್ಕೆ 9 ಇಂಚಿನದೇ ತನ್ನಿ. 7 ಇಂಚಿನದು ಕೆಟ್ಟದೆಂದು ಹೇಳುವುದಿಲ್ಲ, ಚಿಕ್ಕ ಪೆಟ್ಟಿಗೆ ಕೆಲಸಕ್ಕೆ ಅದು ಧಾರಾಳ ಸಾಕು. ಆದರೆ 30 ದಪ್ಪದ, 2 ಮೀಟರ್ ಉದ್ದದ ಬಾಗಿಲ ಪಡಿಯನ್ನು ಅಂಚು ಮೇಲಾಗಿ ನಿಲ್ಲಿಸಿದಾಗ ಹಿಡಿತದ ಅಗಲವೇ ಮುಖ್ಯ. ಕ್ವಿಕ್ ರಿಲೀಸ್ ಒಂದು ದಿನಕ್ಕೆ ನೂರು ಸಲ ಕೈಯನ್ನು ಉಳಿಸುತ್ತದೆ: 20 ದಪ್ಪದ ಹಲಗೆ ತೆಗೆದು 200 ಅಗಲದ ಪೆಟ್ಟಿಗೆ ಹಿಡಿಯಲು ಬರೀ ತಿರುಪಿನದಾದರೆ ಸುತ್ತಿದ್ದೇ ಸುತ್ತುವುದು. 13 ಇಂಚೆಂದರೆ 330 ಮಿ.ಮೀ., ಎರಡೂ ದವಡೆಗೆ 20ರ ಮರ ಹೊದಿಸಿದ ಮೇಲೆ ಕೈಗೆ ಸಿಗುವುದು 290. ಲೆಕ್ಕ ಹಾಕುವಾಗ ಅದನ್ನೇ ಹಿಡಿಯಿರಿ.

ಜಾಗ: ಬಲಗೈಯವರಿಗೆ ಎಡಗಡೆಯ ಮುಂದಿನ ಮೂಲೆ. ಕೀಸುಳಿ ಬಲದಿಂದ ಎಡಕ್ಕೆ ಓಡುತ್ತದೆ, ಮರ ಎಡತುದಿಯಲ್ಲಿ ಹಿಡಿದಿರಬೇಕು, ಉಳಿದ ಉದ್ದ ಬಲಕ್ಕೆ ಬೆಂಚಿನ ಮೇಲೆ ಹರಡಿಕೊಳ್ಳಬೇಕು. ನಿಮ್ಮ ಕಾಲು ಎಡತುದಿಯಿಂದ 150ರಲ್ಲಿ ಶುರುವಾಗಿ 240ರಲ್ಲಿ ಮುಗಿಯುತ್ತದೆ. ಕಾಲಿನ ಎಡಗಡೆಯ 150ರಲ್ಲಿ 9 ಇಂಚಿನ ವೈಸಿನ ಒಡಲು ಹಿಡಿಸುವುದಿಲ್ಲ. ಹಾಗಾಗಿ ಕಾಲಿನ ಬಲಮಗ್ಗುಲಿಗೆ, ಒಡಲಿಗೂ ಕಾಲಿಗೂ 10 ಮಿ.ಮೀ. ಎಡೆ ಬಿಟ್ಟು ಕೂರಿಸಿ. ದೂರ ತೆಗೆದುಕೊಂಡು ಹೋಗಬೇಡಿ, ಕಾಲಿಗೆ ಹತ್ತಿರ ಇದ್ದಷ್ಟು ಬೆಂಚು ಅದುರುವುದು ಕಡಿಮೆ. ಆದರೂ ಉಳಿಯಲ್ಲಿ ಕುಳಿ ಹೊಡೆಯುವ ಕೆಲಸ ವೈಸಿನಲ್ಲಿ ಹಿಡಿದು ಮಾಡಬಾರದು, ಕಾಲಿನ ನೇರಕ್ಕೆ ಹಲಗೆಯ ಮೇಲೆ ಇಟ್ಟು ಹೊಡೆಯಬೇಕು. ಕೊಡತಿಯ ಪೆಟ್ಟು ತಿರುಪಿಗೆ, ಅದರ ಎರಡೂ ಬದಿಯ ಸರಳಿಗೆ ಹೋದರೆ ವೈಸ್ ಸಡಿಲವಾಗುವುದು ಅಲ್ಲಿಂದಲೇ.

ಈಗ ಹಿಂದಿನ ದವಡೆ. ಇಲ್ಲಿ ಮಾತ್ರ ನಾನು ರಾಜಿ ಮಾಡಿಕೊಳ್ಳುವುದಿಲ್ಲ: ಅದು ಬೆಂಚಿನ ಅಂಚಿಗೆ ಸಮವಾಗಿಯೇ ಬರಬೇಕು. ದವಡೆ 20 ಮಿ.ಮೀ. ಹೊರಗೆ ನಿಂತರೆ ಉದ್ದ ಪಡಿ ದವಡೆಯನ್ನು ಮಾತ್ರ ಮುಟ್ಟುತ್ತದೆ, ಮಿಕ್ಕ ಒಂದೂವರೆ ಮೀಟರ್ ಗಾಳಿಯಲ್ಲಿ. ಕೀಸುಳಿ ತಳ್ಳಿದ ಹಾಗೆ ಬಲತುದಿ ಒಳಕ್ಕೆ ಬಾಗುತ್ತದೆ, ವಾಪಸು ಎಳೆಯುವಾಗ ಹೊರಕ್ಕೆ. ಅಂಚು ನೇರ ಬರುವುದಾದರೂ ಹೇಗೆ? ಸಮವಾಗಿದ್ದರೆ ಪಡಿಯ ಇಡೀ ಉದ್ದ ಬೆಂಚಿನ ಅಂಚಿಗೆ ಒರಗುತ್ತದೆ, ಬಲತುದಿಗೆ ಒಂದು ಜಿ ಕ್ಲ್ಯಾಂಪ್ ಹಾಕಿದರೆ ಕೆಲಸ ಮುಗಿಯಿತು.

ಮಾಡುವ ಕ್ರಮ ಹೀಗೆ. ಬೆಂಚಿನ ಮುಂದಿನ ಅಂಚಿನಲ್ಲಿ, ಅಡಿಯಿಂದ ಮೇಲಕ್ಕೆ, ಕಬ್ಬಿಣದ ದವಡೆ ಕೂರುವಂತೆ ಕುಳಿ ತೆಗೆಯಿರಿ: ಆಳ 21, ಎತ್ತರ 38, ಅಗಲ ದವಡೆಗಿಂತ 2 ಹೆಚ್ಚು. ಮೇಲೆ 12 ಮಿ.ಮೀ. ಮರ ಉಳಿಯುತ್ತದೆ. ಆ 12 ಯಾಕೆಂದರೆ ಕಬ್ಬಿಣ ಹಲಗೆಯ ಮಟ್ಟಕ್ಕಿಂತ ಅಷ್ಟು ಕೆಳಗೆ ಇರಬೇಕು. ಮೇಲ್ಹಲಗೆಯನ್ನು ಮುಂದೆ ಯಾವಾಗಲಾದರೂ ಕೀಸಿ ಮಟ್ಟ ಮಾಡುವಾಗ ಅಲಗು ಕಬ್ಬಿಣಕ್ಕೆ ತಾಗಬಾರದು. ಕುಳಿಯೊಳಗೆ ಕಬ್ಬಿಣ ಕೂತ ಮೇಲೆ ಬೆಂಚಿನ ಇಡೀ 1800 ಉದ್ದಕ್ಕೆ 20 ದಪ್ಪ, 90 ಎತ್ತರದ ಪಟ್ಟಿ ಹೊಡೆಯಿರಿ. ಅದೇ ಹಿಂದಿನ ದವಡೆಯ ಮರ, ಅದೇ ಬೆಂಚಿನ ಅಂಚು. ಪಟ್ಟಿಗೆ ಗೋಂದು ಬೇಡ, ತಲೆ ಒಳಗೆ ಹೋಗುವಂತೆ ಸ್ಕ್ರೂ ಮಾತ್ರ. ನಾಳೆ ವೈಸ್ ಬಿಚ್ಚಬೇಕಾದರೆ ಪಟ್ಟಿ ತೆಗೆಯಬೇಕಲ್ಲ.

ಪ್ಯಾಕಿಂಗ್ ದಪ್ಪದ ಲೆಕ್ಕ: ಕಿವಿಯಿಂದ ದವಡೆ ಮೇಲಂಚು 80, ಕೆಳಗೆ ಬಿಡುವುದು 12, ಒಟ್ಟು 92. ಮೇಲ್ಹಲಗೆ 50 ಕಳೆಯಿರಿ, ಉಳಿದದ್ದು 42. ಅಂದರೆ ಹಲಗೆಯಡಿಗೆ 42 ಮಿ.ಮೀ. ದಪ್ಪದ ತುಂಡು. ಹೆಬ್ಬಲಸೇ ಆಗಲಿ, ಎಳೆ ಮೇಲ್ಹಲಗೆಯ ಎಳೆಯ ದಿಕ್ಕಿಗೇ ಇರಲಿ. ಅಡ್ಡ ಹಾಕಿದರೆ ಮಳೆಗಾಲದಲ್ಲಿ ಮೇಲಿನದು ಹಿಗ್ಗುತ್ತದೆ, ಕೆಳಗಿನದು ಹಿಗ್ಗುವುದಿಲ್ಲ, ನಡುವೆ ಬೋಲ್ಟ್ ಜಗ್ಗುತ್ತದೆ. ಮುಂದಿನ ಅಂಚಿನಲ್ಲಿ ಪ್ಯಾಕಿಂಗ್ 21 ಮಿ.ಮೀ. ಹಿಂದೆ ನಿಲ್ಲಬೇಕು, ಕಬ್ಬಿಣದ ದವಡೆಗೆ ಜಾಗ ಬೇಕು.

ಬೋಲ್ಟ್: ಪೂರ್ತಿ ತೂರಿ ಹೋಗುವ 10 ಮಿ.ಮೀ. ಬೋಲ್ಟ್ ನಾಲ್ಕು. ಮೇಲಿನಿಂದ 25 ವ್ಯಾಸದ, 15 ಆಳದ ಕುಳಿ ತೆಗೆದು ತಲೆ, ವಾಷರ್ ಒಳಗೆ ಇಳಿಸಿ. ಉದ್ದ: ಮರ 92ರಲ್ಲಿ 15 ಕಳೆದು 77, ಕಿವಿ 12, ವಾಷರ್ 2, ನಟ್ 8, ಹೊರಗೆ 3. ಒಟ್ಟು 102. 100 ಸಾಲುವುದಿಲ್ಲ, 110 ತನ್ನಿ. ಮುಂದಿನ ಎರಡು ತೂತು 10.5, ಹಿಂದಿನ ಎರಡು 13. ಯಾಕೆಂದರೆ 600 ಅಗಲದ ಹಲಗೆ ನಮ್ಮ ಕಡೆ ಏಪ್ರಿಲ್‌ನಿಂದ ಜುಲೈಗೆ 4-6 ಮಿ.ಮೀ. ಅಗಲವಾಗುವುದು ಸಾಮಾನ್ಯ. ಮುಂದಿನ ಬೋಲ್ಟಿಗೂ ಹಿಂದಿನದಕ್ಕೂ ನಡುವಿನ ಒಂದು ಗೇಣಿನಲ್ಲೂ ಒಂದೂವರೆ ಮಿ.ಮೀ.ಯಷ್ಟು ಚಲನೆ ಬರುತ್ತದೆ. ಹಿಂದಿನ ತೂತಿಗೆ ಎಡೆ ಇಲ್ಲದಿದ್ದರೆ ಎರಕದ ಕಿವಿ ಅದನ್ನು ತಡೆಯಲು ನೋಡುತ್ತದೆ. ಎರಕದ ಕಬ್ಬಿಣ ಬಾಗುವುದಿಲ್ಲ, ಬಿರಿಯುತ್ತದೆ.

ಕಡಲ ಗಾಳಿಗೆ ಕಪ್ಪು ಬೋಲ್ಟ್ ಒಂದೇ ಮಳೆಗಾಲದಲ್ಲಿ ತುಕ್ಕು ಕಚ್ಚುತ್ತದೆ. ಸತುವಿನ ಲೇಪ ಇರುವುದು ಅಥವಾ ಎಸ್.ಎಸ್. 304 (ಸ್ಟೇನ್‌ಲೆಸ್ ಸ್ಟೀಲ್). ಎಸ್.ಎಸ್. ತಂದರೆ ನಟ್ ಹಾಕುವ ಮೊದಲು ಎಳೆಗೆ ಸ್ವಲ್ಪ ಗ್ರೀಸ್ ಹಚ್ಚಿ. ಒಣಗಿದ್ದನ್ನೇ ಸ್ಪ್ಯಾನರ್‌ನಲ್ಲಿ ಬಿಗಿದರೆ ನಟ್ ಅಲ್ಲೇ ಕಚ್ಚಿಕೊಳ್ಳುತ್ತದೆ, ಆಮೇಲೆ ಗ್ರೈಂಡರೇ ಗತಿ.

ಎತ್ತುವುದು: 9 ಇಂಚಿನದು 15 ಕಿಲೋ ಮೀರುತ್ತದೆ. ಬೆಂಚನ್ನು ಮಗುಚಿ ಹಾಕಿ ಕೂರಿಸುವುದು ಎಲ್ಲಕ್ಕಿಂತ ಲೇಸು. ಮಗುಚಲು ಆಗದಿದ್ದರೆ ಕಾರಿನ ಜಾಕಿ ಮೇಲೆ ಹಲಗೆ ತುಂಡು ಇಟ್ಟು ಕೆಳಗಿನಿಂದ ಏರಿಸಿ. ಕೈಯಲ್ಲಿ ಹಿಡಿದುಕೊಂಡು ಬೋಲ್ಟ್ ತೂರಿಸುವ ಸಾಹಸ ಬೇಡ ಮಾರಾಯ್ರೆ.

ಹೊಸೂರು_ಲೇತ್:

ಕೂರಿಸೋದರ ಬಗ್ಗೆ ಮೇಲೆ ಬರೆದಿರೋದು ಸರಿಯಾಗಿದೆ. ಕೊಳ್ಳೋ ಮುಂಚೆ ಅಂಗಡಿಯಲ್ಲೇ ನೋಡಬೇಕಾದ್ದು ಕೆಲವು ಇವೆ. ಒಂದೇ ಹೆಸರಿನ ಎರಡು ಪೆಟ್ಟಿಗೆಯಲ್ಲಿ ಎರಡು ಥರ ಎರಕ ಬರುತ್ತೆ, ಅದಕ್ಕೇ ಪೆಟ್ಟಿಗೆ ಬಿಚ್ಚಿಸದೆ ತರಬೇಡಿ.

ಮೊದಲು ದಿನಪತ್ರಿಕೆಯ ಒಂದು ಹಾಳೆ ಹರಿದು ಎರಡು ಪಟ್ಟಿ ಮಾಡಿ. ಒಂದನ್ನು ದವಡೆಯ ಮೇಲಂಚಿನಲ್ಲಿ, ಇನ್ನೊಂದನ್ನು ಕೆಳಗೆ ಸರಳಿನ ಹತ್ತಿರ ಇಟ್ಟು ಬೆರಳಲ್ಲಿ ತಿರುಗಿಸಿ ಮೆಲ್ಲಗೆ ಮುಚ್ಚಿ. ಮೇಲಿನ ಕಾಗದ ಹಿಡಿದಿರಬೇಕು, ಕೆಳಗಿನದು ಸಲೀಸಾಗಿ ಜಾರಬೇಕು. ಮುಂದಿನ ದವಡೆಯ ತಲೆ ಒಳಕ್ಕೆ ಒಂಚೂರು ವಾಲಿರಬೇಕು ಅಂತಲೇ ಮಾಡಿರ್ತಾರೆ. ಬಿಗಿದಾಗ ಸರಳು ಸ್ವಲ್ಪ ಬಾಗಿ ತಲೆ ಹಿಂದಕ್ಕೆ ಹೋಗಿ ದವಡೆ ಸಮ ಆಗುತ್ತೆ. ತದ್ವಿರುದ್ಧ ಆದರೆ, ಅಂದರೆ ಕೆಳಗೆ ಹಿಡಿದು ಮೇಲೆ ಸಡಿಲ ಇದ್ದರೆ, ಬಿಗಿದಷ್ಟೂ ಮರ ಮೇಲಕ್ಕೆ ಚಿಮ್ಮುತ್ತೆ. ಅಂಥದ್ದು ಬಿಡಿ.

ಆಮೇಲೆ ಪೂರ್ತಿ ತೆರೆದು ಮುಂದಿನ ದವಡೆಯನ್ನು ಕೈಯಲ್ಲಿ ಎತ್ತಿ ಇಳಿಸಿ ನೋಡಿ. ತುದಿಯಲ್ಲಿ 2-3 ಮಿ.ಮೀ. ಆಡಿದರೆ ಚಿಂತೆ ಇಲ್ಲ, ಅದಕ್ಕಿಂತ ಹೆಚ್ಚು ಆಡಿದರೆ ಸರಳು ಓಡಾಡೋ ತೂತು ದೊಡ್ಡದಾಗಿದೆ ಅಂತ ಅರ್ಥ. ಅದನ್ನು ಮನೆಯಲ್ಲಿ ಸರಿ ಮಾಡೋಕೆ ಆಗಲ್ಲ. ಬಣ್ಣ ದಪ್ಪಗೆ ಬಳಿದಿರೋ ಕಡೆ ಬೆರಳಾಡಿಸಿ. ಕಿವಿಯ ಬುಡದಲ್ಲಿ, ದವಡೆಯ ಮೂಲೆಯಲ್ಲಿ ಎರಕದ ಗುಳ್ಳೆಗಳನ್ನು ಮೇಣ ತುಂಬಿ ಬಣ್ಣದಲ್ಲಿ ಮುಚ್ಚಿರೋದು ಉಂಟು. ಉಗುರಲ್ಲಿ ಒತ್ತಿದರೆ ಗೊತ್ತಾಗುತ್ತೆ.

ಇನ್ನು ಕ್ವಿಕ್ ರಿಲೀಸ್. ಒಳಗೆ ಪೂರ್ತಿ ನಟ್ ಇರಲ್ಲ, ಅರ್ಧ ನಟ್ ಇರುತ್ತೆ. ಸ್ಪ್ರಿಂಗ್ ಅದನ್ನು ತಿರುಪಿಗೆ ಒತ್ತಿ ಹಿಡಿದಿರುತ್ತೆ. ಸನ್ನೆ ಒತ್ತಿದರೆ ಅರ್ಧ ನಟ್ ಬಿಟ್ಟುಕೊಂಡು ದವಡೆ ಸೀದಾ ಜಾರುತ್ತೆ. ಒಳ್ಳೆ ವೈಸ್‌ಗಳಲ್ಲಿ ತಿರುಪಿನ ಎಳೆ ಎರಡೂ ಕಡೆ ಇಳಿಜಾರಾಗಿರಲ್ಲ, ಒಂದು ಮಗ್ಗುಲು ನೆಟ್ಟಗೆ, ಇನ್ನೊಂದು ಇಳಿಜಾರು. ಭಾರ ಬೀಳೋದು ನೆಟ್ಟಗಿನ ಮಗ್ಗುಲ ಮೇಲೆ, ಆದ್ದರಿಂದ ಬಿಗಿದಾಗ ಅರ್ಧ ನಟ್ ಹೊರಕ್ಕೆ ದೂಡಿಸಿಕೊಳ್ಳಲ್ಲ. ತಿರುಪನ್ನು ಪಕ್ಕದಿಂದ ನೋಡಿದರೆ ಕಣ್ಣಿಗೇ ಕಾಣುತ್ತೆ. ಮಾಮೂಲಿ ಬೋಲ್ಟಿನ ಥರ ಚೂಪು ಎಳೆ ಇರೋದು ಬೇಡ, ಬೇಗ ಸವೆಯುತ್ತೆ.

"ಬಿಗಿದರೆ ಟಪ್ ಅಂತ ಜಾರುತ್ತೆ" ಅನ್ನೋ ದೂರು ಬಂದಾಗ ಕಾರಣ ಹೆಚ್ಚಾಗಿ ಮೂರರಲ್ಲಿ ಒಂದು. ಪ್ಯಾಕಿಂಗ್ ತುಂಡಿಗೆ ಸನ್ನೆಯೋ ಅದರ ಉದ್ದನೆಯ ಸರಳೋ ತಾಗಿ ಪೂರ್ತಿ ವಾಪಸು ಬಂದಿರಲ್ಲ, ಅರ್ಧ ನಟ್ ಅರ್ಧಂಬರ್ಧ ಕಚ್ಚಿರುತ್ತೆ. ಹೊಸದಾಗಿ ಕೂರಿಸಿದವರಲ್ಲಿ ಇದೇ ಜಾಸ್ತಿ. ಅಥವಾ ಎಳೆಯ ಬುಡದಲ್ಲಿ ಗರಗಸದ ಹುಡಿ ಎಣ್ಣೆ ಜೊತೆ ಸೇರಿ ಗಟ್ಟಿಯಾಗಿರುತ್ತೆ. ಹಳೇ ಹಲ್ಲುಜ್ಜೋ ಬ್ರಷ್ಷಿಗೆ ಡೀಸೆಲ್ ಹಾಕಿ ಉಜ್ಜಿದರೆ ಹೋಗುತ್ತೆ. ಮೂರನೆಯದು ಸ್ಪ್ರಿಂಗ್ ಸತ್ತಿರೋದು. ಅರ್ಧ ನಟ್ಟೇ ಸವೆದಿದ್ದರೆ ಗನ್‌ಮೆಟಲ್‌ನಲ್ಲಿ ಹೊಸದು ತಿರುಗಿಸಿ ಕೊಡೋ ವರ್ಕ್‌ಶಾಪ್ ಹೊಸೂರಿನಲ್ಲಿ ಬೇಕಾದಷ್ಟು ಇವೆ. ತಿರುಪು, ಹಳೇ ನಟ್ ಎರಡನ್ನೂ ಕಳಿಸಬೇಕು, ಬರೀ ಅಳತೆ ಬರೆದು ಕಳಿಸಿದರೆ ಎಳೆ ಕೂಡಲ್ಲ.

ಅಕ್ಕಲಕೋಟಿ_ಮರಗೆಲಸ:

ಕಬ್ಬಿಣದ ವೈಸ್ ಬ್ಯಾಡ ಅನ್ನಂಗಿಲ್ಲ, ಆದ್ರ ಡ್ರಾಯರ್ ಕೆಲಸ ಅದ ಅಂತೀರಿ. 250 ಅಗಲದ ಹಲಗಿ ನೆಟ್ಟಗ ನಿಲ್ಲಿಸಿ ತುದಿಗೆ ಡವ್‌ಟೇಲ್ (ಒಂದಕ್ಕೊಂದು ಕಚ್ಚಿಕೊಳ್ಳೋ ಹಲ್ಲಿನ ಜೋಡಣಿ) ಕೊಯ್ಯಬೇಕಂದ್ರ ಆ ವೈಸಿನ ತಿರುಪು, ಎರಡು ಸರಳು ನಡುವ ಅಡ್ಡ ಬರ್ತಾವ. ಹಲಗಿ ಸರಳಿಗಿಂತ ಕೆಳಗ ಇಳಿಯಂಗಿಲ್ಲ. ಬದಿಗೆ ಹಿಡದ್ರ ದವಡಿ ವಾರಿ ಆಗ್ತದ. ಇದಕ್ಕ ಕಾಲಿಗೆ ಕಟ್ಟೋ ವೈಸ್, ಅಂದ್ರ ಬೆಂಚಿನ ಕಾಲನ್ನೇ ಹಿಂದಿನ ದವಡಿ ಮಾಡಿ, ಅದರ ಮುಂದ ಉದ್ದನ ಹಲಗಿ ಇಟ್ಟು ಒಂದೇ ತಿರುಪಿನಾಗ ಬಿಗಿಯೋದು, ಭಾಳ ಚಲೋ. ಸರಳು ಇಲ್ಲ, ತಿರುಪಿನ ಎರಡೂ ಕಡೆ ಖಾಲಿ.

ಅಳತಿ ನಿಮ್ಮ 860 ಎತ್ತರಕ್ಕ ಹೇಳ್ತೀನಿ. ಮುಂದಿನ ಹಲಗಿ 200 ಅಗಲ, 60 ದಪ್ಪ, ನೆಲಕ್ಕ ತಾಗದಂಗ 840 ಉದ್ದ. ತಿರುಪು ಮೇಲಿಂದ 220 ಕೆಳಗ. ನೆಲದಿಂದ 120 ಎತ್ತರಕ್ಕ ತೂತಿನ ಪಟ್ಟಿ: ಮುಂದಿನ ಹಲಗಿಗೆ ಕೂಡಿಸಿದ್ದು, ಕಾಲಿನ ಒಳಗಿಂದ ಹಾಯ್ದು ಹಿಂದ ಬರ್ತದ, ಅದರಾಗ 10 ಮಿ.ಮೀ. ತೂತು ಎರಡು ಸಾಲು. ಹಿಡಿಯೋ ಮರದ ದಪ್ಪಕ್ಕ ತಕ್ಕ ತೂತಿನಾಗ ಗೂಟ ಹಾಕಿದ್ರ ಕೆಳಗಿನ ತುದಿ ಅಲ್ಲೇ ನಿಲ್ತದ.

ತಿರುಪು ಎಲ್ಲಿ ಅನ್ನೋದು ಸುಮ್ಮನ ಹೇಳಿದ್ದಲ್ಲ. ಗೂಟ ಮೇಲಿಂದ 740 ಕೆಳಗ, ತಿರುಪು 220, ಮರ ಹಿಡಿಯೋದು ಸುಮಾರು 50ರಾಗ. ತಿರುಪಿನಿಂದ ಗೂಟಕ್ಕ 520, ತಿರುಪಿನಿಂದ ಮರಕ್ಕ 170. ತಿರುಪಿನ ಬಲದಾಗ 690ಕ್ಕ 520, ಅಂದ್ರ ಮುಕ್ಕಾಲು ಪಾಲು ಮರಕ್ಕ ಸಿಗ್ತದ. ಅಗಲ ಪಡಿ ಹಿಡಿಯಾಕ ಬರ್ಲಿ ಅಂತ ತಿರುಪನ್ನ 400ಕ್ಕ ಇಳಿಸಿದ್ರ 690ಕ್ಕ 340, ಅರ್ಧನೂ ಸಿಗಂಗಿಲ್ಲ. ಮ್ಯಾಲ ಏರಿಸಿದ್ರ ಬಲ ಹೆಚ್ಚ, ಆದ್ರ ತಿರುಪು ಜಲ್ದಿ ಅಡ್ಡ ಬರ್ತದ. 200-250 ನಡುವ ಇಟ್ಟುಕೊಳ್ರಿ.

ತಿರುಪು ಎಲ್ಲಿಂದ ಅಂದ್ರ, ಸ್ಲ್ಯಾಬ್ ಸೆಂಟ್ರಿಂಗ್ ಮಾಡೋರ ಹತ್ರ ಇರೋ ಜಾಕಿ. ತಳಕ್ಕ ಪ್ಲೇಟು, ಮ್ಯಾಲ 32 ಮಿ.ಮೀ. ದಪ್ಪನ ತಿರುಪು, ಎರಕದ ನಟ್. ದೊಡ್ಡ ಎಳಿ, ಟನ್ನುಗಟ್ಟಲೆ ಭಾರ ಹೊರೋ ಸಾಮಾನು. ಗುಜರಿಯಾಗ ಒಂದು ಸೊಟ್ಟ ಆಗದಿದ್ದುದು ಆರಿಸ್ರಿ. ಸಿಮೆಂಟು ಕಚ್ಚಿರ್ತದ, ತಂತಿ ಬ್ರಷ್‌ನಾಗ ಉಜ್ಜಿ ತೆಗೀರಿ. ತಳದ ಪ್ಲೇಟು ಕೊಯ್ದು ಅಲ್ಲಿ 16 ಮಿ.ಮೀ. ಹಿಡಿ ಹಾಯೋಹಂಗ ಪೈಪಿನ ತುಂಡು ವೆಲ್ಡ್ ಮಾಡಿಸ್ರಿ. ನಟ್ಟನ್ನ 6 ಮಿ.ಮೀ. ಪ್ಲೇಟಿಗೆ ವೆಲ್ಡ್ ಮಾಡಿಸಿ ಕಾಲಿನ ಹಿಂದ ನಾಕು ಸ್ಕ್ರೂ ಹೊಡೀರಿ. ನಟ್ ಮುಂದ ಹಚ್ಚಬ್ಯಾಡ್ರಿ, ಬಿಗಿದಾಗ ಸ್ಕ್ರೂ ಕಿತ್ತು ಬರ್ತಾವ. ಹಿಂದಿದ್ರ ಬಿಗಿದಷ್ಟೂ ಕಾಲಿಗೆ ಒತ್ತಿ ಕೂಡ್ತದ.

ಬೋಲ್ಟ್ ಮಾತಿಗೆ: ನಮ್ಮ ಕಡೆ ಬೆಂಚು ಜಾಲಿ, ಬೇವು. ಜಾಲಿಯಂಥ ಗಟ್ಟಿ ಮರಕ್ಕ 10 ಮಿ.ಮೀ. ಕೋಚ್ ಸ್ಕ್ರೂ ಸಾಕು. 7 ಮಿ.ಮೀ. ತೂತು ಮೊದಲ ಹೊಡದು, ಎಳಿಗೆ ಮೇಣಬತ್ತಿ ತಿಕ್ಕಿ ತಿರುವ್ರಿ. ತೂತು ಸಣ್ಣ ಆದ್ರ ತಲಿ ಮುರೀತದ. ಒಗರು ಮರಕ್ಕ ಬರಿ ಕಬ್ಬಿಣ ತಾಗಿ ಹಸಿ ಆದ್ರ ಕರೀ ಕಲೆ ಬೀಳ್ತದ, ಕಿವಿ ಕೂಡೋ ಜಾಗಕ್ಕ ವಾರ್ನಿಶ್ ಬಳೀರಿ.

ಕುಂಬಳೆ_ಕೀಸುಳಿ:

ಅಕ್ಕಲಕೋಟೆಯವರು ಹೇಳಿದ ಕಾಲಿನ ವೈಸ್ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಬೆಂಚಿನಲ್ಲಿ ಕಾಲು ಅಂಚಿನಿಂದ 100 ಹಿಂದೆ ಉಂಟು. ಆ ವೈಸಿಗೆ ಕಾಲು ಅಂಚಿಗೆ ಸಮ ಇರಲೇಬೇಕು. 90 × 100ರ ಇನ್ನೊಂದು ಕಾಲು ಮುಂದೆ ಜೋಡಿಸಿ 12 ಮಿ.ಮೀ. ಬೋಲ್ಟ್ ಮೂರು ಹಾಕಬೇಕು, ಅದರ ಮೇಲೆ ತೂತಿನ ಪಟ್ಟಿಗೆ ಎರಡೂ ಕಾಲಿನಲ್ಲಿ 190 ಆಳದ ದಾರಿ ಕೊರೆಯಬೇಕು. ಹೊಸ ಬೆಂಚು ಮಾಡುವವರು ಮೊದಲೇ ಹಾಗೆ ಯೋಚಿಸಿದರೆ ಚೆಂದ. ಇದ್ದ ಬೆಂಚಿಗೆ 9 ಇಂಚಿನ ಕಬ್ಬಿಣದ್ದೇ ಸಲೀಸು.

ಅಗಲ ಹಲಗೆ ನಿಲ್ಲಿಸಿ ಕೊಯ್ಯಲು ಬೇರೆ ದಾರಿ ಉಂಟು: 600 ಉದ್ದ, 100 ಅಗಲ, 40 ದಪ್ಪದ ಎರಡು ಹಲಗೆ, 400 ಅಂತರದಲ್ಲಿ ಎರಡು 16 ಮಿ.ಮೀ. ತಿರುಪು ಸರಳು, ದೊಡ್ಡ ನಟ್. ಬೇಕಾದಾಗ ಬೆಂಚಿನ ಮೇಲೆ ಕ್ಲ್ಯಾಂಪ್ ಹಾಕಿ ನಿಲ್ಲಿಸುವುದು, ಕೆಲಸವಾದ ಮೇಲೆ ಗೋಡೆಗೆ ತೂಗುಹಾಕುವುದು. 350 ಅಗಲದ ಹಲಗೆಯೂ ತಿರುಪಿನ ನಡುವೆ ಇಳಿಯುತ್ತದೆ. ಕೊಯ್ಯುವ ಎತ್ತರವೂ 100 ಮೇಲೆ ಬರುವುದರಿಂದ ಬೆನ್ನಿಗೆ ಸುಖ.

ವಾರೆಯಾಗುವುದಕ್ಕೆ ಮದ್ದು: ದವಡೆಯ ಒಂದು ಬದಿಗೆ ಮರ ಹಿಡಿದಾಗ ಇನ್ನೊಂದು ಬದಿಗೆ ಅದೇ ದಪ್ಪದ ತುಂಡು ಕೊಡಬೇಕು. 3, 6, 12, 18 ಮಿ.ಮೀ. ಪ್ಲೈ ಚೂರುಗಳನ್ನು ಒಂದು ಮೊಳೆಗೆ ಪೋಣಿಸಿ ಬೀಸಣಿಗೆ ಹಾಗೆ ಬಿಚ್ಚುವಂತೆ ಇಟ್ಟರೆ 3ರಿಂದ 39ರವರೆಗೆ ಮೂರು ಮೂರರ ಅಂತರದಲ್ಲಿ ಎಲ್ಲ ದಪ್ಪವೂ ಕೂಡಿ ಬರುತ್ತದೆ. ತುಂಡಿಲ್ಲದೆ ವಾರೆಯಲ್ಲೇ ಬಿಗಿಯುತ್ತಾ ಹೋದರೆ ಸರಳಿನ ತೂತು ಮೊಟ್ಟೆಯಾಕಾರಕ್ಕೆ ಸವೆಯುತ್ತದೆ.

ಉಪ್ಪಳ_ಪ್ಲೈ:

ನಡುವೆ ಒಂದು ಪ್ರಶ್ನೆ. ನನ್ನ ಬೆಂಚಿನ ಮೇಲ್ಹಲಗೆ 18ರ ಪ್ಲೈ ಎರಡು ಪದರ, ಒಟ್ಟು 36. ಇದೇ 9 ಇಂಚಿನ ವೈಸ್ ಹಾಕಬಹುದೋ? ಕೋಚ್ ಸ್ಕ್ರೂ ಹಿಡಿದೀತೋ?

ಕುಂಬಳೆ_ಕೀಸುಳಿ:

ಹಾಕಬಹುದು, ಕೋಚ್ ಸ್ಕ್ರೂ ಮಾತ್ರ ಬೇಡ. 36ರಲ್ಲಿ ಅದಕ್ಕೆ ಕಚ್ಚಲು ಏನುಂಟು? ಪದರ ಬಿಟ್ಟುಕೊಳ್ಳುತ್ತದೆ. ಪ್ಯಾಕಿಂಗ್ ಲೆಕ್ಕ ನಿಮಗೆ 92ರಲ್ಲಿ 36 ಕಳೆದು 56. ಅದನ್ನು ಪ್ಲೈಯಲ್ಲಿ ಮಾಡಿದರೆ ಹಿಗ್ಗುವ ಚಿಂತೆಯೇ ಇಲ್ಲ, 18ರ ಮೂರು ಪದರ ಅಂಟಿಸಿ 54, ಮಿಕ್ಕ 2ಕ್ಕೆ ಮೈಕಾ ಎರಡು ಚೂರು. ಪ್ಯಾಕಿಂಗ್ ತುಂಡು ಕಿವಿಗಿಂತ ಎಲ್ಲ ಕಡೆ 80-100 ದೊಡ್ಡದಿರಲಿ, ಇಡೀ ತುಂಡನ್ನು ಹಲಗೆಯಡಿಗೆ ಅಂಟಿಸಿ. ಆಗ ಭಾರ ಅಗಲಕ್ಕೆ ಹರಡುತ್ತದೆ. ಬೋಲ್ಟಿನ ತಲೆಗೆ 25ರ ವಾಷರ್ ಬದಲು 40ರದ್ದು. ಮುಂದಿನ ಅಂಚಿಗೆ ಪಟ್ಟಿ ಹೊಡೆಯುವಾಗ ಸ್ಕ್ರೂ ಪ್ಲೈಯ ಅಂಚಿಗೆ ಹೋದರೆ ಪದರ ಸೀಳುತ್ತದೆ, ಮೊದಲು 40 × 50ರ ಮರದ ರೀಪನ್ನು ಅಂಚಿನ ಉದ್ದಕ್ಕೂ ಅಂಟಿಸಿ, ಕುಳಿಯನ್ನು ಆ ರೀಪಿನಲ್ಲೇ ತೆಗೆಯಿರಿ.

ಪೆರುಂಬಾವೂರಿನ ಪ್ಲೈ ನಮ್ಮ ಎಲ್ಲ ಅಂಗಡಿಗೂ ಬರುತ್ತದೆ, ಹಾಳೆಯ ಮೇಲಿನ ಮುದ್ರೆ ನೋಡಿ: ಐಎಸ್ 710 ಎಂದಿದ್ದರೆ ಮರೈನ್, ಅಂದರೆ ನೀರು ತಡೆಯುವ ಪ್ಲೈ. ಶೆಡ್ ತೆರೆದಿದ್ದು ಎರಚಲು ಬೀಳುವುದಾದರೆ ಅದಕ್ಕಿಂತ ಕೆಳಗೆ ಹೋಗಬೇಡಿ.

ಬದಿಯಡ್ಕ_ಬೆಂಚು:

ಎಲ್ಲರಿಗೂ ಉಪಕಾರ. 9 ಇಂಚಿನದು ಬಂತು, ಕಾಗದದ ಪರೀಕ್ಷೆಯಲ್ಲೂ ಸರಿಯಾಗಿ ನಿಂತಿತು. ಬೆಂಚು ಮಗುಚಿ ಕುಳಿ, 42ರ ಪ್ಯಾಕಿಂಗ್ ಎಲ್ಲ ಆಗಿದೆ. ಈಗ ಬೋಲ್ಟ್ ಬಿಗಿಯುವಾಗ ಒಂದು ಸಂಗತಿ: ಎರಡು ಬೋಲ್ಟ್ ಬಿಗಿದಾಗ ದವಡೆ ಹಗುರವಾಗಿ ಓಡುತ್ತದೆ, ಮೂರನೆಯದು ಬಿಗಿದ ಕೂಡಲೇ ಹಿಡಿಯುತ್ತದೆ, ಸನ್ನೆ ಒತ್ತಿದರೂ ಎರಡೂ ಕೈಯಲ್ಲಿ ಎಳೆಯಬೇಕು. ಬೋಲ್ಟ್ ಸಡಿಲಿಸಿದರೆ ಮತ್ತೆ ಹಗುರ. ಎಣ್ಣೆ ಬಿಡಲೋ?

ಹೊಸೂರು_ಲೇತ್:

ಎಣ್ಣೆಯಿಂದ ಹೋಗೋದಲ್ಲ ಇದು. ನಾಲ್ಕು ಕಿವಿ ಒಂದೇ ಮಟ್ಟದಲ್ಲಿ ಕೂತಿಲ್ಲ. ಮೂರನೇ ಬೋಲ್ಟ್ ಬಿಗಿದಾಗ ಆ ಮೂಲೆಯ ಎಡೆ ಮುಚ್ಚೋಕೆ ಎರಕ ತಿರುಚಿಕೊಳ್ಳುತ್ತೆ, ಎರಡು ಸರಳುಗಳು ಸಮಾನಾಂತರ ತಪ್ಪುತ್ತವೆ, ಅದಕ್ಕೇ ಹಿಡಿಯೋದು. ಹಾಗೇ ಬಿಗಿದರೆ ಇವತ್ತಲ್ಲ ನಾಳೆ ಕಿವಿ ಬಿರುಕು ಬಿಡುತ್ತೆ.

ನಾಲ್ಕೂ ಬೋಲ್ಟ್ ಕೈಯಲ್ಲಿ ತಿರುಗಿಸಿ ಬರೀ ತಾಗೋ ಹಾಗೆ ಮಾಡಿ, ಸ್ಪ್ಯಾನರ್ ಬೇಡ. ಒಂದೊಂದು ಕಿವಿಯ ಅಡಿಗೂ ಕಾಗದ ತೂರಿಸಿ ನೋಡಿ. ಎಲ್ಲಿ ಒಳಗೆ ಹೋಗುತ್ತೋ ಅಲ್ಲಿ ಎಡೆ ಇದೆ. ವಿಸಿಟಿಂಗ್ ಕಾರ್ಡ್ ಒಂದಕ್ಕೆ ಸುಮಾರು ಕಾಲು ಮಿ.ಮೀ. ದಪ್ಪ, ಎಷ್ಟು ಕಾರ್ಡ್ ಹಿಡಿಸುತ್ತೆ ಅಂತ ಎಣಿಸಿದರೆ ಎಡೆ ಎಷ್ಟು ಅಂತ ಗೊತ್ತಾಯ್ತು. ಅಷ್ಟು ದಪ್ಪದ ಅಲ್ಯೂಮಿನಿಯಂ ಇಲ್ಲವೇ ತಗಡಿನ ಚೂರನ್ನು ಬೋಲ್ಟಿನ ತೂತು ಬಿಟ್ಟು ಕತ್ತರಿಸಿ ಇಡಿ. ಕಾರ್ಡನ್ನೇ ಬಿಡಬೇಡಿ, ನಿಮ್ಮ ಕಡೆ ತೇವಕ್ಕೆ ಅದು ಮೆತ್ತಗಾಗಿ ಬೋಲ್ಟ್ ಸಡಿಲ ಆಗುತ್ತೆ.

ಬೇರೆ ಕಾರಣವೂ ಇರಬಹುದು: ಕುಳಿಯ ಹಿಂಬದಿ. ಅದು ನೆಟ್ಟಗೆ ಇಲ್ಲದೆ ಮೇಲೆ ಉಬ್ಬಿದ್ದರೆ ದವಡೆಯ ತಲೆ ಅದಕ್ಕೆ ತಾಗಿ ಒಡಲನ್ನು ಓರೆ ಮಾಡುತ್ತೆ. ದವಡೆಯ ಬೆನ್ನಿಗೆ ಸೀಮೆಸುಣ್ಣ ಬಳಿದು ಒಳಗೆ ಕೂರಿಸಿ ತೆಗೆಯಿರಿ. ಸುಣ್ಣ ಎಲ್ಲಿ ಮರಕ್ಕೆ ಹತ್ತಿದೆಯೋ ಅಷ್ಟನ್ನು ಮಾತ್ರ ಉಳಿಯಲ್ಲಿ ಕೆರೆಯಿರಿ.

ಆಮೇಲೆ ಬಿಗಿಯೋ ಕ್ರಮ: ಎಡ ಮುಂದಿನದು, ಬಲ ಹಿಂದಿನದು, ಬಲ ಮುಂದಿನದು, ಎಡ ಹಿಂದಿನದು. ಒಂದೊಂದಕ್ಕೂ ಕಾಲು ಸುತ್ತು. ಪ್ರತಿ ಸುತ್ತಿಗೂ ದವಡೆ ಓಡಿಸಿ ನೋಡ್ತಾ ಬನ್ನಿ, ಎಲ್ಲಿ ಹಿಡಿಯುತ್ತೋ ಆ ಕ್ಷಣ ನಿಲ್ಲಿಸಿದರೆ ಯಾವ ಕಿವಿ ಅಂತ ತಿಳಿಯುತ್ತೆ. ಹಿಂದಿನ ದವಡೆಯ ಮುಖದಿಂದ ಮರಕ್ಕೆ ಹೊಡೆಯೋ ಎರಡು ಸ್ಕ್ರೂ ಇದೆಯಲ್ಲ, ಅದು ಕೊನೆಗೆ.

ಬದಿಯಡ್ಕ_ಬೆಂಚು:

ಬಲ ಹಿಂದಿನ ಕಿವಿಯಡಿ ಮೂರು ಕಾರ್ಡ್ ಹಿಡಿಯಿತು. ತಗಡು ಇಟ್ಟ ಮೇಲೆ ನಾಲ್ಕೂ ಬಿಗಿದರೂ ಒಂದೇ ಬೆರಳಲ್ಲಿ ಓಡ್ತದೆ. ಇನ್ನು ಮುಂದಿನ ದವಡೆಗೆ ಮರ ಹೊದಿಸುವುದು ಬಾಕಿ. ಯಾವ ಮರ, ಎಷ್ಟು ದೊಡ್ಡದು? ಮಳೆಗಾಲದ ಆರೈಕೆಯೂ ಹೇಳಿಬಿಡಿ.

ಕುಂಬಳೆ_ಕೀಸುಳಿ:

ಸಾಗುವಾನಿ ಆಗಬಹುದು, ಮಾವೂ ಆಗಬಹುದು. ದವಡೆಯ ಮರ ಹಿಡಿಯುವ ಮರಕ್ಕಿಂತ ಮೆತ್ತಗಿರಬೇಕು, ಗುರುತು ಬೀಳುವುದಾದರೆ ದವಡೆಗೆ ಬೀಳಲಿ. ಕಿರಾಲುಬೋಗಿಯಂಥ ಕಲ್ಲುಮರ ಬೇಡ. ದಪ್ಪ 20, ಎಳೆ ಅಡ್ಡಕ್ಕೆ. ಕಬ್ಬಿಣಕ್ಕಿಂತ ಮೇಲೆ 12 ಹೆಚ್ಚು, ಎರಡೂ ಮಗ್ಗುಲಿಗೆ 15 ಹೆಚ್ಚು. ಮೇಲಿನದನ್ನು ಸದ್ಯಕ್ಕೆ 14 ಬಿಟ್ಟು ಕೂರಿಸಿ, ಬೆಂಚನ್ನು ನೆಟ್ಟಗೆ ಮಾಡಿ ದವಡೆ ಮುಚ್ಚಿದ ಮೇಲೆ ಹಲಗೆಯ ಮಟ್ಟಕ್ಕೆ ಕೀಸಿಬಿಡಿ. ಆಗ ಕೂದಲೆಳೆ ವ್ಯತ್ಯಾಸವೂ ಉಳಿಯುವುದಿಲ್ಲ. ಕಬ್ಬಿಣದ ಎದುರಿಗಿನಿಂದ ಸ್ಕ್ರೂ ಬರುತ್ತದೆ, ಎರಕದ ದಪ್ಪ ಬಿಟ್ಟು 15 ಮಿ.ಮೀ. ಮರದೊಳಗೆ ಹೋದರೆ ಸಾಕು. ಮರದ ಇಡೀ 20 ದಾಟಿ ಸ್ಕ್ರೂವಿನ ತುದಿ ಇಣುಕಿದರೆ ಪಡಿಯ ಮೇಲೆ ಗೀರು.

ನಿಮ್ಮದರಲ್ಲಿ ವಾಲು ಸರಿಯುಂಟಂತೆ, ಹಾಗಾಗಿ ಮರ ಸಮದಪ್ಪ ಇರಲಿ. ವಾಲು ಇಲ್ಲದ ವೈಸಾದರೆ ಮುಂದಿನ ಮರವನ್ನು ಕೆಳಗೆ 1 ಮಿ.ಮೀ. ತೆಳ್ಳಗೆ ಕೀಸಿದರೆ ಅದೇ ಫಲ. ನುಣುಪು ಹೆಚ್ಚಾಗಿ ಮರ ಜಾರುವುದಾದರೆ 2 ಮಿ.ಮೀ. ತೊಗಲನ್ನು ಒರಟು ಬದಿ ಹೊರಗೆ ಮಾಡಿ ಒಂದು ದವಡೆಗೆ ಅಂಟಿಸಿ, ಎರಡಕ್ಕೂ ಬೇಕಾಗಿಲ್ಲ.

ಮಳೆಗಾಲಕ್ಕೆ: ತಿರುಪಿಗೆ ಗ್ರೀಸ್ ಹಚ್ಚಬೇಡಿ, ಹುಡಿ ಅಂಟಿ ಅರೆಯುವ ಪುಡಿಯಾಗುತ್ತದೆ. ತೆಂಗಿನೆಣ್ಣೆಯೂ ಬೇಡ, ಅದಕ್ಕೂ ಹುಡಿ ಹಿಡಿಯುತ್ತದೆ. ಮೇಣಬತ್ತಿಯನ್ನು ಎಳೆಗೆ ತಿಕ್ಕಿ ದವಡೆಯನ್ನು ನಾಲ್ಕು ಸಲ ಓಡಿಸಿದರೆ ಸಾಕು. ಸರಳುಗಳಿಗೆ ಹೊಲಿಗೆ ಮೆಷಿನ್ ಎಣ್ಣೆ ಬಟ್ಟೆಯಲ್ಲಿ ಸವರಿ ಒರಸಿ, ಪದರ ಕಾಣಬಾರದು. ಹಸಿಮರ ಕೊಯ್ದ ದಿನ ಹುಡಿಯನ್ನು ಸಂಜೆಯೇ ಬ್ರಷ್‌ನಲ್ಲಿ ಗುಡಿಸಿ. ತೇವದ ಹುಡಿ ರಾತ್ರಿಯಿಡೀ ಸರಳಿನ ಮೇಲೆ ಕೂತರೆ ಬೆಳಗ್ಗೆ ಅಲ್ಲಿ ಕೆಂಪು ಕಲೆ ಕಾಣುತ್ತದೆ. ದವಡೆ ತೆರೆದಿರುವಾಗ ಕೀಸಿದ ಸುರುಳಿ ನೇರ ತಿರುಪಿನ ಮೇಲೆ ಬೀಳುವುದರಿಂದ, ಹಿಂದಿನ ಪಟ್ಟಿಯ ಕೆಳಂಚಿಗೆ ಅಂಗೈಯಗಲದ ಸೈಕಲ್ ಟ್ಯೂಬಿನ ತುಂಡು ಇಳಿಬಿಟ್ಟು ಎರಡು ಮೊಳೆ ಹೊಡೆದರೆ ಅರ್ಧ ನಟ್ಟಿನ ಕಡೆಗೆ ಹುಡಿ ಹೋಗುವುದು ಬಹಳ ಮಟ್ಟಿಗೆ ನಿಲ್ಲುತ್ತದೆ.

ಮಳೆಗಾಲ ಕಳೆದು ಮರ ಒಣಗಿದ ಮೇಲೆ ನಾಲ್ಕು ಬೋಲ್ಟಿಗೂ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಮರ ಹಿಗ್ಗಿದಾಗ ವಾಷರ್ ಮರದೊಳಗೆ ಒತ್ತಿಕೊಳ್ಳುತ್ತದೆ, ಮತ್ತೆ ಒಣಗಿದಾಗ ಅಷ್ಟು ಸಡಿಲ ಉಳಿಯುತ್ತದೆ. ಮೇಲಿನ ಕುಳಿಗೆ ಮುಚ್ಚಿಗೆಯಾಗಿ ಹಾಕುವ ಮರದ ಬಿರಡೆಗೆ ಗೋಂದು ಹಾಕದೆ ಬಿಗಿಯಾಗಿ ತೂರಿಸಿದ್ದರೆ ಆಗ ಸುಲಭಕ್ಕೆ ತೆಗೆಯಬಹುದು.